ಮೊದಲ ಪಾಠದವರೆಗೆ: ಶಿಕ್ಷಕರು ಮತ್ತು ಆನ್‌ಲೈನ್ ಕಲಿಕಾ ವೇದಿಕೆ



ಶಾಲಾ ಶಿಕ್ಷಕರನ್ನು ಆನ್‌ಲೈನ್ ಕಲಿಕಾ ವೇದಿಕೆಗೆ ಕರೆತರುವ ಕೆಲಸ ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳಿಂದ ದೊಡ್ಡದಾಗಿಯೇ ನಡೆದಿದೆ. ಸುತ್ತೋಲೆಗಳು ಹೊರಟಿವೆ, ಖಾತೆಗಳು ತೆರೆದಿವೆ, ಕೋರ್ಸುಗಳು ಮುಗಿದು ಪ್ರಮಾಣಪತ್ರಗಳೂ ಬಂದಿವೆ. ಇಷ್ಟಾದರೂ ಆ ವೇದಿಕೆ ತರಗತಿಯ ಬಾಗಿಲು ದಾಟಿತೇ ಎಂದು ಯಾರಾದರೂ ಕೇಳಿದರೆ ನಾವು ಉತ್ತರಕ್ಕೆ ತಡವರಿಸುತ್ತೇವೆ. ಯಾವುದನ್ನು ಆರಂಭವೆಂದು ಎಣಿಸಬೇಕು ಎಂಬ ತೀರ್ಮಾನವೇ ನಮ್ಮಲ್ಲಿ ಆಗಿಲ್ಲ. ಖಾತೆ ತೆರೆದದ್ದನ್ನು ಆರಂಭವೆಂದು ಬರೆದುಕೊಂಡಿದ್ದೇವೆ. ಅದು ಹಾಜರಿ ಪುಸ್ತಕದಲ್ಲಿ ಹೆಸರು ಸೇರಿದಷ್ಟೇ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಾಳೆಯ ಪಾಠಕ್ಕೆಂದು ಶಿಕ್ಷಕಿಯೊಬ್ಬರು ವೇದಿಕೆಯಲ್ಲಿರುವ ಒಂದು ವಿಡಿಯೊವನ್ನೋ ಅಭ್ಯಾಸದ ಹಾಳೆಯನ್ನೋ ತೆರೆದು ನೋಡಿ, ಇದು ನನ್ನ ಮಕ್ಕಳಿಗೆ ಬೇಕು, ಇದು ಬೇಡ, ಇದರಲ್ಲಿ ಇಷ್ಟು ಸಾಕು ಎಂದು ತಾವೇ ನಿರ್ಧರಿಸಿದ ದಿನವೇ ಆರಂಭದ ದಿನ. ಅದಕ್ಕೆ ಮುಂಚಿನದೆಲ್ಲ ಸಿದ್ಧತೆ. ಆ ನಿರ್ಧಾರದವರೆಗೆ ಶಿಕ್ಷಕರನ್ನು ಕೈಹಿಡಿದು ನಡೆಸುವುದು ಹೇಗೆ ಎಂಬುದನ್ನು ಇಂದು ನಿಮ್ಮ ಮುಂದೆ ವಿವೇಚಿಸಬೇಕೆಂದಿದ್ದೇನೆ.

ಇದು ನಮಗೆ ಹೊಸ ಪ್ರಶ್ನೆಯೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ದೂರದರ್ಶನ ಪ್ರಯೋಗವನ್ನು ಇಲ್ಲಿರುವ ಹಿರಿಯರು ಬಲ್ಲರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಮುದಾಯ ಟೀವಿಗಳನ್ನು ಇಡಲಾಗಿತ್ತು. ನಮ್ಮಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರ ಕ್ಷೇತ್ರವಾಗಿದ್ದವು. ಹಳ್ಳಿಗರು ಟೀವಿ ನೋಡಿದ ಕಥೆ ಪ್ರಸಿದ್ಧವಾಯಿತು. ಅದೇ ಪ್ರಯೋಗದಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆದದ್ದು ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ. 12 ದಿನಗಳ ಆ ತರಬೇತಿಯ ರಚನೆಯನ್ನು ಗಮನಿಸಿ. ಟೀವಿ ಪಾಠದ ಜೊತೆಗೆ ರೇಡಿಯೊ ಇತ್ತು, ಕೈಯಲ್ಲಿ ಹಿಡಿದು ಓದಲು ಮುದ್ರಿತ ಚಟುವಟಿಕೆ ಪುಸ್ತಿಕೆ ಇತ್ತು. ಪ್ರತಿ ಕೇಂದ್ರದಲ್ಲೂ ಶಿಕ್ಷಕರ ನಡುವೆ ಕೂತು ಚರ್ಚೆ ನಡೆಸಲು, ಪ್ರಯೋಗಗಳನ್ನು ಮಾಡಿಸಲು ಮೊದಲೇ ಸಿದ್ಧಗೊಂಡ ಒಬ್ಬ ಮಾರ್ಗದರ್ಶಿ ಇದ್ದರು. ಪರದೆಯೊಂದೇ ಕಲಿಸಲಾರದು ಎಂಬುದು ಅದನ್ನು ರೂಪಿಸಿದವರಿಗೆ ಆ ಕಾಲಕ್ಕೇ ತಿಳಿದಿತ್ತು. ಮುಂದೆ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಕನ್ನಡ ಪಾಠಗಳು ತಲುಪಿದವು. ತಂತ್ರ ಬದಲಾಗುತ್ತ ಹೋದಂತೆ ಶಿಕ್ಷಕರ ಪಕ್ಕದಲ್ಲಿ ಕೂರುವ ಆ ಮನುಷ್ಯನನ್ನು ಮಾತ್ರ ನಾವು ಮೆಲ್ಲಗೆ ಕೈಬಿಡುತ್ತ ಬಂದೆವು.

ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಿನಿಮಾ, ರೇಡಿಯೊ, ಟೀವಿಗಳು ಅಲ್ಲಿನ ತರಗತಿಗಳಿಗೆ ಬಂದು ಹೋದ ಬಗೆಯನ್ನು ವಿವರಿಸಿದ್ದಾರೆ. ಪ್ರತಿ ಬಾರಿಯೂ ಮೊದಲು ದೊಡ್ಡ ನಿರೀಕ್ಷೆ, ಆಮೇಲೆ ಅತ್ಯಲ್ಪ ಬಳಕೆ, ಕೊನೆಗೆ ಶಿಕ್ಷಕರ ಮೇಲೆ ದೂರು. ಕ್ಯೂಬನ್ ಆ ದೂರನ್ನು ಒಪ್ಪುವುದಿಲ್ಲ. ತರಗತಿಯ ನಿತ್ಯದ ಒತ್ತಡದಲ್ಲಿ ತಮಗೆ ನಿಜಕ್ಕೂ ನೆರವಾದದ್ದನ್ನು ಶಿಕ್ಷಕರು ಇಟ್ಟುಕೊಂಡರು, ಆಗದ್ದನ್ನು ಬಿಟ್ಟರು ಎಂಬುದು ಅವರ ನಿಲುವು. ಒಪ್ಪಿಗೆ ಶಿಕ್ಷಕರ ವಿವೇಕದಿಂದ ಬರುವಂಥದ್ದಾದರೆ ನಿರಾಕರಣೆಯಲ್ಲೂ ಅದೇ ವಿವೇಕ ಇರಬಹುದು. ಈ ಗೌರವವಿಲ್ಲದೆ ಮುಂದಿನ ಯಾವ ಮಾತಿಗೂ ಬೆಲೆಯಿಲ್ಲ ಎಂದು ನಾನು ನಂಬಿದ್ದೇನೆ.

ಎರಡು ನೆರೆರಾಜ್ಯಗಳು ಒಂದೇ ಕಾಲದಲ್ಲಿ ಹಿಡಿದ ಎರಡು ದಾರಿಗಳನ್ನು ಇಲ್ಲಿ ಅಕ್ಕಪಕ್ಕ ಇಡಬೇಕು. 2001ರ ಸುಮಾರಿಗೆ ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಆರಂಭವಾಯಿತು. ಸುಮಾರು 1000 ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಿತು. ಅವನ್ನು ನೋಡಿಕೊಳ್ಳಲು, ಮಕ್ಕಳಿಗೆ ಕಲಿಸಲು ಖಾಸಗಿ ಸಂಸ್ಥೆಗಳ ಬೋಧಕರು ಬಂದರು. ಶಾಲೆಯ ವಿಜ್ಞಾನ ಮೇಷ್ಟರಿಗೂ ಗಣಿತದ ಟೀಚರಿಗೂ ಕಂಪ್ಯೂಟರ್ ಕೋಣೆ ಬೇರೆಯವರ ಕೋಣೆಯಾಗಿಯೇ ಉಳಿಯಿತು. ಗುತ್ತಿಗೆ ಮುಗಿದು ಬೋಧಕರು ಹೊರಟಾಗ ಅವರೊಂದಿಗೆ ಬಳಕೆಯೂ ಹೊರಟಿತು. ಅದೇ ಹೊತ್ತಿಗೆ ಕೇರಳದಲ್ಲಿ ‘ಐಟಿ@ಸ್ಕೂಲ್’ ಆರಂಭವಾಯಿತು. ಅಲ್ಲಿ ಕಂಪ್ಯೂಟರನ್ನು ಕಲಿಸಬೇಕಾದವರು ಶಾಲೆಯ ಕಾಯಂ ಶಿಕ್ಷಕರೇ. ಶಿಕ್ಷಕರಲ್ಲೇ ಒಬ್ಬರು ಶಾಲೆಯ ಐಟಿ ಸಂಯೋಜಕರಾದರು, ತರಬೇತುದಾರರೂ ಶಿಕ್ಷಕ ವೃಂದದಿಂದಲೇ ಬಂದರು. ಸ್ವತಂತ್ರ ತಂತ್ರಾಂಶಗಳನ್ನು ತಮ್ಮ ಪಠ್ಯಕ್ಕೆ ಹೊಂದುವಂತೆ ಅವರು ಬದಲಾಯಿಸಿಕೊಂಡರು. 2017ರಲ್ಲಿ ಆ ಯೋಜನೆಯೇ ‘ಕೈಟ್’ ಎಂಬ ಸಂಸ್ಥೆಯಾಗಿ ಬೆಳೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಿಕ್ಷಕರು ದುಡಿಯುತ್ತಿರುವುದು ಆ ವ್ಯವಸ್ಥೆಯೊಳಗೇ. ಅವರ ಅನುಭವವನ್ನು ನಮ್ಮ ತರಬೇತಿಗಳಿಗೆ ಕರೆದು ಕೇಳುವುದು ಕಷ್ಟವಲ್ಲ. ಭಾಷೆಯ ತೊಡಕೂ ಇಲ್ಲ.

ಈಗ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ವಿಚಾರಕ್ಕೆ ಬರೋಣ. 2017ರ ಶಿಕ್ಷಕರ ದಿನದಂದು ಅದು ಉದ್ಘಾಟನೆಯಾದದ್ದು ಮುಖ್ಯವಾಗಿ ಶಿಕ್ಷಕರಿಗಾಗಿಯೇ: ಅವರ ಪಾಠಸಿದ್ಧತೆಗೆ, ಅವರ ತರಬೇತಿಗೆ, ಪರಸ್ಪರ ಹಂಚಿಕೆಗೆ. ನಮ್ಮ ಪಠ್ಯಪುಸ್ತಕಗಳ ಅಧ್ಯಾಯಗಳಲ್ಲಿ ಕ್ಯೂಆರ್ ಕೋಡ್‌ಗಳು ಕಾಣಿಸಿಕೊಂಡದ್ದು ಇದರಿಂದಲೇ. ಆದರೆ ಅನೇಕ ಶಿಕ್ಷಕರಿಗೆ ಅದರೊಡನೆ ನಿಜವಾದ ಮುಖಾಮುಖಿ ಆದದ್ದು 2020ರಲ್ಲಿ, ಕೋವಿಡ್‌ನ ಆತಂಕದ ನಡುವೆ. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಶುರುವಾಗಿದ್ದ ‘ನಿಷ್ಠಾ’ 2020ರ ಅಕ್ಟೋಬರ್‌ನಲ್ಲಿ ದೀಕ್ಷಾ ಮೇಲೆ ಆನ್‌ಲೈನ್ ಕೋರ್ಸುಗಳ ಸರಣಿಯಾಯಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ, ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ವಿಕಾಸ ಇರಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ವಠಾರಗಳಲ್ಲೇ ಮಕ್ಕಳಿಗೆ ಪಾಠ ಹೇಳುವ ‘ವಿದ್ಯಾಗಮ’ದ ಗುಂಪುಗಳನ್ನು ನಡೆಸುತ್ತ, ಬಿಸಿಯೂಟದ ಅಕ್ಕಿ ಬೇಳೆ ಹಂಚುತ್ತ ಇದ್ದ ಶಿಕ್ಷಕರಿಗೆ ವೇದಿಕೆ ಮೊದಲು ಕಂಡದ್ದು ಕೊನೆಯ ದಿನಾಂಕವಿರುವ ಒಂದು ಕೆಲಸವಾಗಿ. ವಿಡಿಯೊ ಓಡುತ್ತಿರುತ್ತದೆ, ಫೋನು ಪಕ್ಕದಲ್ಲಿರುತ್ತದೆ, ಪ್ರಶ್ನೆಗಳ ಉತ್ತರ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಇದನ್ನು ಶಿಕ್ಷಕರ ಆಲಸ್ಯವೆಂದು ಕರೆಯುವವರನ್ನು ನಾನು ಒಪ್ಪಲಾರೆ. ಪೂರೈಸಿದ್ದೀರಾ ಎಂದು ಮಾತ್ರ ಕೇಳುವ ವ್ಯವಸ್ಥೆಗೆ ಪೂರೈಸಿದ್ದೇವೆ ಎಂಬ ಉತ್ತರವೇ ಸಿಗುತ್ತದೆ.

ಹೊಸದನ್ನು ಎದುರಿಸುವ ಶಿಕ್ಷಕರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ಫ್ರಾನ್ಸಿಸ್ ಫುಲ್ಲರ್ ಎಂಬ ವಿದುಷಿ 1969ರಲ್ಲೇ ಬರೆದಿದ್ದರು. ಆ ವಿಚಾರ ಮುಂದೆ ಬೆಳೆದು ಬಂದ ರೂಪದಲ್ಲಿ ಶಿಕ್ಷಕರ ಚಿಂತೆಗಳಿಗೆ ಒಂದು ಕ್ರಮ ಕಾಣುತ್ತದೆ. ಮೊದಲು ತನ್ನ ಬಗೆಗಿನ ಚಿಂತೆ: ಇದು ನನ್ನಿಂದ ಆದೀತೇ, ಮಕ್ಕಳ ಮುಂದೆ ಮರ್ಯಾದೆ ಹೋದೀತೇ. ಆಮೇಲೆ ಕೆಲಸದ ಚಿಂತೆ: ಇದಕ್ಕೆ ಸಮಯ ಎಲ್ಲಿಂದ ತರಲಿ. ಕೊನೆಯಲ್ಲಿ ಮಕ್ಕಳ ಚಿಂತೆ: ಇದರಿಂದ ಅವರು ಹೆಚ್ಚು ಕಲಿತರೇ. ನಮ್ಮ ತರಬೇತಿಗಳು ಸಾಮಾನ್ಯವಾಗಿ ಮೂರನೆಯದರಿಂದ ಮಾತು ಶುರುಮಾಡುತ್ತವೆ. ಮೊದಲ ಚಿಂತೆಗೆ ಉತ್ತರ ಸಿಗದವರ ಕಿವಿಗೆ ಮೂರನೆಯ ಮಾತು ಬೀಳುವುದಿಲ್ಲ.

ಆ ಮೊದಲ ಚಿಂತೆಗಳು ಎಷ್ಟು ಸಣ್ಣ, ಎಷ್ಟು ನಿಜ ಎಂಬುದನ್ನು ತುಸು ನಿಂತು ನೋಡಬೇಕು. ಖಾತೆಗೆ ಕೊಟ್ಟ ಮೊಬೈಲ್ ನಂಬರು ಮಗನದ್ದು. ಒಟಿಪಿ ಬರುವುದು ಅವನು ಓದುತ್ತಿರುವ ಊರಿನ ಫೋನಿಗೆ. ಜಿಮೇಲ್ ತೆರೆದುಕೊಟ್ಟವರು ಅಂಗಡಿಯವರು. ಪಾಸ್‌ವರ್ಡ್ ಯಾವುದೋ ಚೀಟಿಯಲ್ಲಿತ್ತು, ಚೀಟಿ ಈಗಿಲ್ಲ. ಹೀಗಾಗಿ ಒಬ್ಬರೇ ಶಿಕ್ಷಕರಿಗೆ ಎರಡು ಮೂರು ಖಾತೆಗಳಾಗಿವೆ, ಮುಗಿಸಿದ ಕೋರ್ಸು ಒಂದರಲ್ಲಿ, ನಡೆಯುತ್ತಿರುವುದು ಇನ್ನೊಂದರಲ್ಲಿ. ಫೋನು ಸ್ವಂತದ್ದು, ಡೇಟಾ ಸ್ವಂತದ್ದು, ಆ ಫೋನಿನಲ್ಲಿ ಮನೆಯ ಫೋಟೊಗಳೂ ಬ್ಯಾಂಕಿನ ಸಂದೇಶಗಳೂ ಇವೆ. ಅದನ್ನು ಬೇರೆಯವರ ಕೈಗೆ ಕೊಟ್ಟು ಸರಿಮಾಡಿಸಿಕೊಳ್ಳಲು ಹಿಂಜರಿಯುವುದು ಸಹಜವಲ್ಲವೇ? ಇವುಗಳಿಗೆ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಉತ್ತರವಿಲ್ಲ. ಇಬ್ಬರು ಪಕ್ಕಪಕ್ಕ ಕೂತು, ಅವಸರವಿಲ್ಲದೆ, ಶಿಕ್ಷಕರ ಬೆರಳೇ ಪರದೆಯ ಮೇಲೆ ಆಡುವಂತೆ ನೋಡಿಕೊಂಡು ಬಿಡಿಸಬೇಕಾದ ಗಂಟುಗಳಿವು. ನೆರವಾಗುವವರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ, ಕಲಿಕೆ ನಿಲ್ಲುತ್ತದೆ. ಈ ಒಂದು ನಿಯಮವನ್ನು ಪ್ರತಿ ತರಬೇತಿ ಕೋಣೆಯ ಗೋಡೆಯ ಮೇಲೆ ಬರೆದಿಡಬೇಕು.

ಆನ್‌ಲೈನ್ ಕಲಿಕೆಯ ಬಗ್ಗೆ ಬರೆದ ಬ್ರಿಟನ್ನಿನ ಗಿಲಿ ಸಾಲ್ಮನ್ ಈ ಹಾದಿಯನ್ನು ಐದು ಮೆಟ್ಟಿಲುಗಳಾಗಿ ಗುರುತಿಸುತ್ತಾರೆ. ಅವುಗಳಲ್ಲಿ ಮೊದಲ ಎರಡು ಮಾತ್ರ ನಮ್ಮ ಇಂದಿನ ಚರ್ಚೆಗೆ ಬೇಕಾದವು: ಒಳಗೆ ಬರುವುದು, ಮತ್ತು ಒಳಗೆ ಬಂದವರು ಪರಸ್ಪರ ಪರಿಚಿತರಾಗುವುದು. ಪಾಠದ ವಿಚಾರ ವಿನಿಮಯ ಶುರುವಾಗುವುದು ಮೂರನೆಯ ಮೆಟ್ಟಿಲಿನಲ್ಲಿ. ನಾವು ಎರಡನೆಯದನ್ನು ಪೂರ್ತಿ ಹಾರಿಬಿಟ್ಟಿದ್ದೇವೆ. ಸಾವಿರಾರು ಶಿಕ್ಷಕರು ಒಂದೇ ಕೋರ್ಸಿನಲ್ಲಿದ್ದೂ ಒಬ್ಬರಿಗೊಬ್ಬರು ಅಪರಿಚಿತರು.

ಕನ್ನಡ ಶಿಕ್ಷಕರಿಗೆ ಇನ್ನೊಂದು ತೊಡಕಿದೆ, ಬೇರೆ ದೇಶದ ಯಾವ ಸಿದ್ಧಾಂತ ಗ್ರಂಥದಲ್ಲೂ ಸಿಗದಂಥದ್ದು. ಅದು ಅಕ್ಷರದ ತೊಡಕು. ಕಂಪ್ಯೂಟರ್ ಬಲ್ಲ ನಮ್ಮ ಬಹುಪಾಲು ಶಿಕ್ಷಕರು ಕಲಿತದ್ದು ನುಡಿ ಅಥವಾ ಬರಹ ತಂತ್ರಾಂಶದಲ್ಲಿ. ಪ್ರಶ್ನೆಪತ್ರಿಕೆ, ಪಾಠಯೋಜನೆ, ಶಾಲಾ ವರದಿಗಳನ್ನು ವರ್ಷಗಟ್ಟಲೆ ಅವುಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ್ದಾರೆ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕನ್ನಡವಲ್ಲ. ಅಂಥ ಕಡತದ ಒಂದು ಪುಟವನ್ನು ನಕಲಿಸಿ ವೇದಿಕೆಯ ಮೇಲೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣಿಸುತ್ತದೆ. ಹತ್ತು ವರ್ಷಗಳ ದುಡಿಮೆ ಹೀಗೆ ಕಲಸಿಹೋದದ್ದನ್ನು ಕಂಡ ಶಿಕ್ಷಕರು ತಮಗೇ ಏನೋ ಬರುವುದಿಲ್ಲವೆಂದು ಸುಮ್ಮನಾಗುತ್ತಾರೆ. ತೊಡಕು ಅವರದ್ದಲ್ಲ, ಸಂಕೇತ ಪದ್ಧತಿಯದ್ದು. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಬೆರಳಾಡಿಸಿದವರು ಅದೇ ಅಭ್ಯಾಸವನ್ನು ಯೂನಿಕೋಡ್‌ನಲ್ಲೂ ಮುಂದುವರಿಸಬಹುದು, ಹೊಸದಾಗಿ ಟೈಪಿಂಗ್ ಕಲಿಯಬೇಕಾಗಿಲ್ಲ. ಶಿಕ್ಷಕರು ತಮ್ಮದೇ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತಂದು, ಪರಿವರ್ತಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ತಿದ್ದಿ, ತಮ್ಮ ಫೋನಿನಲ್ಲಿ ಓದಿ ನೋಡಲಿ. ಆನ್‌ಲೈನ್ ಪಯಣಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಗಂಟೆ ನನಗೆ ತೋಚುತ್ತಿಲ್ಲ. ತಾವು ಈಗಾಗಲೇ ಮಾಡಿಟ್ಟ ಕೆಲಸಕ್ಕೆ ಹೊಸ ಜೀವ ಬಂದದ್ದನ್ನು ಅವರು ಅಂದೇ ಕಾಣುತ್ತಾರೆ.

ಹುಡುಕಾಟವೂ ಇದಕ್ಕೇ ಸೇರಿದ ಮಾತು. ಕನ್ನಡದಲ್ಲಿ ಹುಡುಕುವವರಿಗೆ ಒಂದೇ ಪರಿಕಲ್ಪನೆ ಹಲವು ಹೆಸರುಗಳಲ್ಲಿ, ಹಲವು ಕಾಗುಣಿತಗಳಲ್ಲಿ ಎದುರಾಗುತ್ತದೆ. ಸಿಗದಿದ್ದರೆ ಇಲ್ಲವೇ ಇಲ್ಲ ಎಂದು ತಿಳಿಯುತ್ತೇವೆ. ಆದ್ದರಿಂದ ಹೊಸಬರಿಗೆ ಹುಡುಕುವ ಪೆಟ್ಟಿಗೆಯನ್ನು ಮೊದಲು ತೋರಿಸಬೇಡಿ. ಅವರ ಕೈಯಲ್ಲೇ ಇರುವ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಒಳಗೆ ಕರೆತನ್ನಿ. ಕ್ಯಾಮೆರಾ ಮಂಕಾಗಿದ್ದರೆ ಕೋಡ್‌ನ ಕೆಳಗಿರುವ ಆರು ಅಕ್ಷರಗಳನ್ನು ಟೈಪು ಮಾಡಿದರೂ ಸಾಕು.

ಆ ಬಾಗಿಲಿನಿಂದ ಒಳಬಂದ ಮೇಲೆ ಏನಾಗಬೇಕು? ಎಂಟನೆಯ ತರಗತಿಯಲ್ಲಿ ಜೀವಕೋಶದ ಪಾಠ ಮಾಡಬೇಕಾದ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳಿ. ಶಾಲೆಯಲ್ಲಿ ಸೂಕ್ಷ್ಮದರ್ಶಕ ಒಂದೇ, ಅದರ ಮಸೂರದಲ್ಲಿ ಬೂಷ್ಟು. ಕೋಡ್ ತೆರೆದಾಗ ಎರಡು ಮೂರು ವಿಡಿಯೊಗಳೂ ಒಂದು ಪ್ರಶ್ನಾವಳಿಯೂ ಕಾಣಿಸಿದವೆನ್ನೋಣ. ಸಾಮಾನ್ಯ ತರಬೇತಿ ಇಲ್ಲಿಗೆ ನಿಂತು, ನೋಡಿ ಎಷ್ಟೊಂದು ಸಾಮಗ್ರಿ ಇದೆ ಎನ್ನುತ್ತದೆ. ನಿಜವಾದ ನೆರವು ಇಲ್ಲಿಂದ ಶುರುವಾಗುತ್ತದೆ. ಯಾವ ವಿಡಿಯೊದಲ್ಲಿ ಈರುಳ್ಳಿಯ ಪೊರೆಯನ್ನು ಬಿಡಿಸುವ ಬಗೆ ಸ್ಪಷ್ಟವಾಗಿದೆ? ಅದರಲ್ಲಿ ಮಕ್ಕಳಿಗೆ ಬೇಕಾದದ್ದು ಎಲ್ಲಿಂದ ಎಲ್ಲಿಯವರೆಗೆ? ಎಲ್ಲಿ ನಿಲ್ಲಿಸಿ, ಮುಂದೆ ಏನು ಕಾಣಿಸಬಹುದು ಎಂದು ಕೇಳುವುದು? ಅದನ್ನು ತೋರಿಸುವ ಮೊದಲು ಮಕ್ಕಳ ಕೈಗೇ ಈರುಳ್ಳಿ ಕೊಡುವುದೇ, ಆಮೇಲೆ ಕೊಡುವುದೇ? ವಿಡಿಯೊದ ಭಾಷೆ ನಮ್ಮ ಕಡೆಯ ಮಕ್ಕಳಿಗೆ ತಿಳಿಯುತ್ತದೆಯೇ, ಇಲ್ಲವಾದರೆ ಧ್ವನಿಯನ್ನು ನಿಲ್ಲಿಸಿ ತಾನೇ ವಿವರಿಸುವುದು ಮೇಲಲ್ಲವೇ? ಶಾಲೆಯಲ್ಲಿ ಸಿಗ್ನಲ್ ಇಲ್ಲವಾದ್ದರಿಂದ ಹಿಂದಿನ ರಾತ್ರಿಯೇ ಅದನ್ನು ಫೋನಿಗೆ ಇಳಿಸಿಕೊಳ್ಳಬೇಕು. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಮುಂದಿಟ್ಟ ವಿಚಾರ ಇದೇ: ವಿಷಯಜ್ಞಾನ ಬೇರೆ, ಬೋಧನಕಲೆ ಬೇರೆ ಎಂದಲ್ಲ, ಈ ವಿಷಯವನ್ನು ಈ ಮಕ್ಕಳಿಗೆ ಹೇಗೆ ದಾಟಿಸುವುದು ಎಂಬ ಒಂದು ವಿಶೇಷ ಜ್ಞಾನ ಶಿಕ್ಷಕರಿಗೆ ಮಾತ್ರ ಇರುತ್ತದೆ. ಸಂಶೋಧಕರಾದ ಮಿಶ್ರಾ ಮತ್ತು ಕೋಹ್ಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನವನ್ನೂ ಜೋಡಿಸಿದರು. ಬಟನ್ನುಗಳ ಪರಿಚಯ ಬೇಗ ಮುಗಿಯುತ್ತದೆ. ಮೇಲಿನ ಪ್ರಶ್ನೆಗಳು ವೃತ್ತಿಜೀವನದುದ್ದಕ್ಕೂ ಜೊತೆಗಿರುತ್ತವೆ, ಮತ್ತು ಅನುಭವಿ ಶಿಕ್ಷಕರು ಅವುಗಳಲ್ಲಿ ತಂತ್ರಜ್ಞರಿಗಿಂತ ಬಹಳ ಮುಂದಿದ್ದಾರೆ. ಅದನ್ನು ಮೊದಲ ದಿನವೇ ಅವರಿಗೆ ಮನವರಿಕೆ ಮಾಡಿಕೊಡಬೇಕು.

ಇಂಥ ನೆರವು ಎಲ್ಲಿ ಸಿಗಬೇಕು? ಅದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ನಮ್ಮಲ್ಲಿ ಇದ್ದೇ ಇವೆ. ಅವುಗಳ ಬಹುಪಾಲು ಸಮಯ ಅಂಕಿಅಂಶಗಳ ಸಂಗ್ರಹಕ್ಕೆ, ಸೂಚನೆಗಳನ್ನು ಓದಿ ಹೇಳುವುದಕ್ಕೆ ಕಳೆದುಹೋಗುತ್ತದೆ. ಅದರಲ್ಲಿ ಒಂದು ಗಂಟೆಯನ್ನು ಬಿಡಿಸಿಕೊಂಡು, ಒಬ್ಬ ಶಿಕ್ಷಕರು ತಾವು ಕಳೆದ ತಿಂಗಳು ಬಳಸಿದ ಒಂದು ಸಾಮಗ್ರಿಯನ್ನು, ಅದು ಕೆಲಸಕ್ಕೆ ಬಾರದೇ ಹೋಗಿದ್ದರೂ ಸರಿ, ಉಳಿದವರ ಮುಂದೆ ಇಡಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ದತ್ತಾಂಶ ತುಂಬಿಸಿಕೊಳ್ಳುವವರಾಗಿ ಅಲ್ಲ, ಪಕ್ಕದಲ್ಲಿ ಕೂರುವವರಾಗಿ ಬರಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಕೋರ್ಸು ಮುಗಿಸಿದವರ ಪಟ್ಟಿ ಕೇಳುವ ಬದಲು ಇಂಥ ಗಂಟೆಗಳ ಟಿಪ್ಪಣಿ ಕೇಳಲಿ. ಸಮಯದ ಮಾತು ಬಂದಾಗ ಇನ್ನೂ ಸ್ಪಷ್ಟವಾಗಿ ಹೇಳಬೇಕು: 50 ಗಂಟೆಗಳ ಕಲಿಕೆಯನ್ನು ಶಿಕ್ಷಕರ ಮನೆಯ ರಾತ್ರಿಗಳಿಂದ ಕಡಿದುಕೊಳ್ಳುವುದು ನ್ಯಾಯವಲ್ಲ. ಮನೆಗೆಲಸದ ಹೊರೆ ಹೊತ್ತ ಶಿಕ್ಷಕಿಯರಿಗಂತೂ ಅದು ದುಪ್ಪಟ್ಟು ಅನ್ಯಾಯ. ಕಲಿಕೆ ಕೆಲಸದ ಭಾಗವಾದರೆ ಅದು ಕೆಲಸದ ವೇಳೆಯಲ್ಲೇ ನಡೆಯಬೇಕು.

ಶಿಕ್ಷಕರು ಬಳಕೆದಾರರಾಗಿಯೇ ಉಳಿಯಬೇಕೇ? ನಮ್ಮದೇ ನೆಲದ ಉದಾಹರಣೆ ಬೇರೆಯದನ್ನು ಹೇಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಬಹುತರಗತಿ ಪದ್ಧತಿಯನ್ನು ನೋಡಿ ಬಂದರು. ಅದನ್ನು ಹಾಗೆಯೇ ತರಲಿಲ್ಲ. ತಾವೇ ಕೂತು ಕನ್ನಡದ ಕಾರ್ಡುಗಳನ್ನು, ಹಾಡುಗಳನ್ನು, ಕಲಿಕೆಯ ಏಣಿಯನ್ನು ಸಿದ್ಧಪಡಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. ಮುಂದೆ ಅದು ಆದೇಶದ ಮೂಲಕ ರಾಜ್ಯವಿಡೀ ಹರಡಿದಾಗ ಎಲ್ಲ ಕಡೆಯೂ ಮೊದಲಿನ ಹುರುಪು ಇರಲಿಲ್ಲ ಎಂಬುದೂ ನಮಗೆ ಗೊತ್ತು. ಕಾರ್ಡು ತಯಾರಿಸಿದ ಕೈಗೂ ಕಾರ್ಡು ಪಡೆದ ಕೈಗೂ ಅಷ್ಟು ವ್ಯತ್ಯಾಸ. ದೀಕ್ಷಾದ ಸಾಮಗ್ರಿ ಬಹುಪಾಲು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಹೆಸರು ಸೂಚಿಸಿ, ಪರವಾನಗಿಯ ಷರತ್ತಿಗೆ ಒಳಪಟ್ಟು ಅದನ್ನು ಹಂಚಬಹುದು, ಬದಲಾಯಿಸಲೂಬಹುದು. 2020ರ ಏಪ್ರಿಲ್‌ನಲ್ಲಿ ವಿಸ್ತರಿಸಿದ ‘ವಿದ್ಯಾದಾನ’ದ ಮೂಲಕ ಶಿಕ್ಷಕರು ತಮ್ಮ ರಚನೆಗಳನ್ನು ಕೊಡುವ ದಾರಿಯೂ ತೆರೆಯಿತು. ಬೀದರಿನ ಮಗುವಿಗೆ ಬೀದರಿನ ಮಾತಿನಲ್ಲಿ, ಕುಂದಾಪುರದ ಮಗುವಿಗೆ ಅಲ್ಲಿನ ಮಾತಿನಲ್ಲಿ ಒಂದು ಗಣಿತದ ಕಥೆ ಬೇಕಾದರೆ ಅದನ್ನು ಬೆಂಗಳೂರಿನ ಸ್ಟುಡಿಯೊ ತಯಾರಿಸಲಾರದು. ಆದರೆ ಇದನ್ನು ಮೊದಲ ತಿಂಗಳಲ್ಲೇ ಕೇಳಬಾರದು. ಬಳಸಿ ನೋಡಿದವರಿಗೆ ಕೊರತೆ ಕಾಣುತ್ತದೆ, ಕೊರತೆ ಕಂಡವರೇ ಬರೆಯುತ್ತಾರೆ.

ಕೊನೆಯದಾಗಿ, ಒಬ್ಬರೇ ಇರುವವರ ವಿಚಾರ. ಮಲೆನಾಡಿನ, ಕಾಡಂಚಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಪಕ್ಕದಲ್ಲಿ ಕೂರಲು ಸಹೋದ್ಯೋಗಿಯೇ ಇಲ್ಲ. ವೇದಿಕೆಯ ಅಗತ್ಯ ಅತಿ ಹೆಚ್ಚಾಗಿರುವುದೂ, ನೆರವು ಅತಿ ಕಡಿಮೆ ತಲುಪುವುದೂ ಅಲ್ಲಿಯೇ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೂಡಲ್ ಎಂಬ ಕಲಿಕಾ ವೇದಿಕೆಯನ್ನು 2002ರಲ್ಲಿ ಹೊರತಂದ ಮಾರ್ಟಿನ್ ಡೂಗಿಯಾಮಸ್ ಬಾಲ್ಯದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಪುಟ್ಟ ನೆಲೆಯೊಂದರಲ್ಲಿ ರೇಡಿಯೊ ಮೂಲಕ ಪಾಠ ಕಲಿತವರು. ದೂರದಲ್ಲಿರುವವರ ನಡುವೆ ಮಾತುಕತೆ ಬೆಳೆಯಬೇಕೆಂಬುದು ಆ ವೇದಿಕೆಯ ತಳಹದಿಯಲ್ಲೇ ಇದೆ. ನಮ್ಮ ಒಂಟಿ ಶಿಕ್ಷಕರಿಗೂ ಬೇಕಾದದ್ದು ಇನ್ನೊಂದು ಕೋರ್ಸಲ್ಲ, ವಾರಕ್ಕೊಮ್ಮೆ ಫೋನಿನಲ್ಲಿ ಪಾಠದ ಬಗ್ಗೆ ಮಾತಾಡುವ ಇನ್ನೊಬ್ಬ ಶಿಕ್ಷಕ. ಇಬ್ಬರೂ ಒಂದೇ ತರಗತಿಯ, ಒಂದೇ ಅಧ್ಯಾಯದ ಕೋಡ್ ತೆರೆದು, ನೀವು ಯಾವುದನ್ನು ತೋರಿಸಿದಿರಿ, ಮಕ್ಕಳು ಏನು ಕೇಳಿದರು ಎಂದು ವಿಚಾರಿಸಿಕೊಳ್ಳಲಿ. ಹೀಗೆ ಜೋಡಿಗಳನ್ನು ಕೂಡಿಸುವ ಕೆಲಸವನ್ನು ಪ್ರತಿ ತಾಲ್ಲೂಕಿನ ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ) ಇದೇ ಶೈಕ್ಷಣಿಕ ವರ್ಷದಲ್ಲಿ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾಗಿರುವುದು ಒಂದು ಪಟ್ಟಿ, ಎರಡು ಫೋನು, ಮತ್ತು ಆ ಮಾತುಕತೆಯ ಹೊತ್ತನ್ನು ಕರ್ತವ್ಯದ ವೇಳೆಯೆಂದು ಒಪ್ಪಿಕೊಳ್ಳುವ ಒಂದು ಆದೇಶ.